ಕಾನೂನು ಪ್ರಶ್ನೋತ್ತರ: ಅಡಿಕೆ ಕದ್ದವರ ಮೇಲೆ ಯಾವ ಕೇಸು?

ಪ್ರಶ್ನೆ: ರಾತ್ರಿ ತೋಟಕ್ಕೆ ನುಗ್ಗಿದ ಇಬ್ಬರು ದೋಟಿಯಿಂದ ಅಡಿಕೆ ಗೊನೆ ಕೊಯ್ದು ಗೋಣಿಗೆ ತುಂಬಿಸಿದ್ದರು. ತಡೆಯಲು ಹೋದ ಅಣ್ಣನನ್ನು ದೂಡಿ ಹಾಕಿ ಓಡಿದರು. ಅಣ್ಣನ ಮೊಣಕೈಗೆ ಪೆಟ್ಟಾಗಿದೆ. ಠಾಣೆಯಲ್ಲಿ ಬರೀ ಕಳವು ಎಂದರು, ಹೇಳಿಕೆಯನ್ನು ಮಲಯಾಳದಲ್ಲಿ ಬರೆದುಕೊಂಡರು. ಇದು ಸರಿಯೇ?
– ಓದುಗರು, ಕಾಸರಗೋಡು ಜಿಲ್ಲೆ

ಉತ್ತರ: ಓಡುವಾಗ ಗೋಣಿ ಅವರ ಕೈಯಲ್ಲಿತ್ತೇ? ನೀವು ಅದನ್ನೇ ಬರೆದಿಲ್ಲ, ಕೇಸು ನಿಂತಿರುವುದು ಅದರ ಮೇಲೆಯೇ.

ಹಳೆಯ ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಂತೆ, ಬೇರೊಬ್ಬರ ಸ್ವಾಧೀನದಲ್ಲಿರುವ ಚರ ವಸ್ತುವನ್ನು ಅವರ ಒಪ್ಪಿಗೆಯಿಲ್ಲದೆ, ಅಪ್ರಾಮಾಣಿಕವಾಗಿ ಪಡೆಯಲೆಂದು ಇದ್ದಲ್ಲಿಂದ ಸರಿಸಿದರೆ ಕಳವು. ಮರದಲ್ಲಿರುವ ಗೊನೆ ಚರ ವಸ್ತುವಲ್ಲ. ಕೊಯ್ದು ಬೇರ್ಪಡಿಸಿದ ಕೂಡಲೇ ಆಗುತ್ತದೆ, ಕಳವೂ ಅಲ್ಲಿಗೇ ಪೂರ್ತಿಯಾಗುತ್ತದೆ. ತೋಟದ ಬೇಲಿ ದಾಟಬೇಕೆಂದಿಲ್ಲ. ಶಿಕ್ಷೆ 3 ವರ್ಷದವರೆಗೆ.

ಕದ್ದ ಮಾಲನ್ನು ಕೊಂಡೊಯ್ಯಲಿಕ್ಕಾಗಿಯೇ ಬೇಕೆಂದು ನೋವು ಮಾಡಿದರೆ ಅದು 309ನೇ ಕಲಮಿನ ದರೋಡೆ, ಜೀವಾವಧಿ ಅಥವಾ 10 ವರ್ಷದವರೆಗೆ ಕಠಿಣ ಸಜೆ. ಗೋಣಿ ಅಲ್ಲೇ ಬಿಟ್ಟು, ಬರೀ ತಪ್ಪಿಸಿಕೊಳ್ಳಲು ದೂಡಿದ್ದರೆ ಕಳವು ಬೇರೆ, ನೋವು ಮಾಡಿದ್ದು ಬೇರೆ ಅಪರಾಧ. ಆದ್ದರಿಂದ ‘ಗೋಣಿ ಹೊತ್ತು ಓಡುತ್ತಿದ್ದಾಗ ಅಡ್ಡ ನಿಂತೆ, ಆಗ ದೂಡಿದರು’ ಎಂಬಷ್ಟು ಸ್ಪಷ್ಟವಾಗಿ ಅಣ್ಣ ಹೇಳಬೇಕು, ನಡೆದದ್ದು ಹಾಗೆಯೇ ಆಗಿದ್ದರೆ ಮಾತ್ರ. ಅದೇ ದಿನ ಆಸ್ಪತ್ರೆಗೆ ತೋರಿಸಿ ಗಾಯದ ದಾಖಲೆ ಮಾಡಿಸಿ.

ಹೆಚ್ಚಿನವರು ಎಡವುವುದು ಬೆಲೆಯ ವಿಷಯದಲ್ಲಿ. ಕಳವಾದದ್ದು 5,000 ರೂಪಾಯಿಗಿಂತ ಕಡಿಮೆಯಾದರೆ, ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ‘ಸ್ವಲ್ಪ ಅಡಿಕೆ’ ಎಂದು ಬರೆದ ದೂರು ಅಲ್ಲೇ ಕೂರುತ್ತದೆ. ಒಣ ಅಡಿಕೆಗೆ ಕಿಲೋಗೆ 400 ರೂಪಾಯಿ ಹಿಡಿದರೂ 13 ಕಿಲೋಗೆ ಆ ಮಿತಿ ದಾಟುತ್ತದೆ. ಎಷ್ಟು ಗೊನೆ, ಒಣಗಿದರೆ ಅಂದಾಜು ಎಷ್ಟು ಕಿಲೋ, ಆ ದಿನದ ಧಾರಣೆ ಎಷ್ಟು, ಮೂರನ್ನೂ ಬರೆಯಿರಿ. ಅಂಗಳದಲ್ಲಿ ಹರವಿದ್ದನ್ನು ಕದ್ದರೆ ಸಾದಾ ಕಳವು. ದಾಸ್ತಾನು ಕೋಣೆಯಿಂದ ಕದ್ದರೆ 305ನೇ ಕಲಂ, 7 ವರ್ಷದವರೆಗೆ. ಜಾಗವನ್ನೂ ಮರೆಯದೆ ನಮೂದಿಸಿ.

ಕಾಸರಗೋಡಿನ ಕನ್ನಡಿಗರು ಸ್ಥಳೀಯ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು. ಕೇರಳದ ಆಡಳಿತ ಭಾಷಾ ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆ. ಹಾಗಾಗಿ ದೂರನ್ನು ಕನ್ನಡದಲ್ಲಿ ಬರೆದೇ ಕೊಡಿ. ಬಾಯಿಮಾತಿನಲ್ಲಿ ಹೇಳಿದ್ದನ್ನು ಬರೆದುಕೊಂಡ ಮೇಲೆ ಓದಿ ಹೇಳಬೇಕೆಂದು ತನಿಖೆ, ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳುತ್ತದೆ. ಅರ್ಥವಾಗುವ ತನಕ ಸಹಿ ಹಾಕಬೇಡಿ. ಎಫ್‌ಐಆರ್ ಪ್ರತಿ ಉಚಿತ. ದಾಖಲಿಸಲು ಒಪ್ಪದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠರಿಗೆ ಅಂಚೆಯಲ್ಲಿ ಕಳಿಸಿ, ರಶೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ.

ಪ್ರಶ್ನೆ: ವ್ಯಾಪಾರಿಯೊಬ್ಬರು ನನ್ನ ಅಡಿಕೆ ಒಯ್ದು ದುಡ್ಡು ಕೊಡುತ್ತಿಲ್ಲ. ವಂಚನೆ, ನಂಬಿಕೆ ದ್ರೋಹ ಎರಡೂ ಹಾಕಬಹುದೇ?
– ಓದುಗರು, ಮಂಜೇಶ್ವರ

ಉತ್ತರ: ಒಂದೇ ಸಂಗತಿಗೆ ಎರಡೂ ಕೂಡದು, 2024ರ ದೆಹಲಿ ರೇಸ್ ಕ್ಲಬ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ವಂಚನೆಗೆ (ನ್ಯಾಯ ಸಂಹಿತೆಯ 318ನೇ ಕಲಂ) ಮೋಸದ ಮನಸ್ಸು ಮಾಲು ಪಡೆಯುವಾಗಲೇ ಇರಬೇಕು. ನಂಬಿಕೆ ದ್ರೋಹಕ್ಕೆ (316) ಮಾಲನ್ನು ಅವರ ವಶಕ್ಕೆ ನಂಬಿ ಒಪ್ಪಿಸಿರಬೇಕು: ‘ನನ್ನ ಲೆಕ್ಕದಲ್ಲಿ ಮಾರಿ ಹಣ ಕೊಡಿ’ ಎಂಬಂತೆ. ಸಾಲಕ್ಕೆ ಮಾರಿದ್ದರೆ ಅಡಿಕೆ ಅವರದ್ದಾಯಿತು, ನಿಮ್ಮದು ಬರೀ ಬಾಕಿ. ಅದರ ದಾರಿ ಸಿವಿಲ್ ದಾವೆ, ಬಾಕಿಯಾದಂದಿನಿಂದ ಸಾಮಾನ್ಯವಾಗಿ 3 ವರ್ಷದೊಳಗೆ ಹೂಡಬೇಕು. ಚೀಟಿಯಲ್ಲಿ ಏನು ಬರೆದಿದೆ, ಮೊದಲು ಅದನ್ನು ನೋಡಿ.

ಪ್ರಶ್ನೆ: ಗಡಿ ಜಗಳದಲ್ಲಿ ಹಲ್ಲು ಮುರಿದರೆ ಅದು ತೀವ್ರ ಗಾಯವೇ?

ಉತ್ತರ: ಹೌದು. ಮೂಳೆ ಅಥವಾ ಹಲ್ಲು ಮುರಿದರೆ, ಜಾರಿದರೆ ಸಾಕು (116ನೇ ಕಲಂ). ಸಾಮಾನ್ಯ ಪೆಟ್ಟಿಗಾದರೆ, 15 ದಿನ ತೀವ್ರ ನೋವು ಇರಬೇಕು ಅಥವಾ ದಿನನಿತ್ಯದ ಕೆಲಸ ಮಾಡಲಾಗದಿರಬೇಕು. ಹಳೆಯ ದಂಡ ಸಂಹಿತೆಯಲ್ಲಿ ಅದು 20 ದಿನವಿತ್ತು.