ಗಡಸು ನೀರಿಗೆ ವಾಷಿಂಗ್ ಸೋಡಾ

ಪ್ರಶ್ನೆ: ನಮ್ಮ ಮನೆಗೆ ಕೊಳವೆಬಾವಿಯ ನೀರೇ ಗತಿ. ಎಷ್ಟು ಸೋಪಿನ ಪುಡಿ ಸುರಿದರೂ ನೊರೆ ಏಳುವುದಿಲ್ಲ. ಬಿಳಿ ಅಂಗಿಗಳೂ ಮಂಕಾಗಿವೆ. ಖರ್ಚು ತಗ್ಗಿಸುವುದು ಹೇಗೆ?
– ಓದುಗರು, ಚಿತ್ರದುರ್ಗ

ಉತ್ತರ: ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸೋಪನ್ನು ನುಂಗಿ, ಬೂದುಬಣ್ಣದ ಗಸಿಯಾಗಿ ಬಟ್ಟೆಯ ಎಳೆಗಳಲ್ಲೇ ಕೂರುವುದರಿಂದ, ಪುಡಿ ಹೆಚ್ಚಿಸುವುದು ಬರೀ ದುಡ್ಡು ದಂಡ. ಕಿರಾಣಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ವಾಷಿಂಗ್ ಸೋಡಾವನ್ನು, ಅಡುಗೆ ಸೋಡಾವನ್ನಲ್ಲ, ಒಂದು ಬಕೆಟ್ ಬಿಸಿನೀರಿಗೆ 2 ಚಮಚದಷ್ಟು ಕರಗಿಸಿ, ಆ ಲವಣಗಳು ಬಿಳಿ ಮಡ್ಡಿಯಾಗಿ ಬೇರ್ಪಟ್ಟ ಮೇಲೆ ಸೋಪಿನ ಪುಡಿ ಹಾಕಿದರೆ, ಮೊದಲಿಗಿಂತ ಕಡಿಮೆ ಪುಡಿಯೇ ಸಾಕಾಗುತ್ತದೆ. ಕಾಲರಿನ ಜಿಡ್ಡಿಗೂ ಇದೇ ಮದ್ದು. ಕೈಗೆ ಗ್ಲೌಸ್ ಇರಲಿ, ಚರ್ಮ ಒಡೆಯುತ್ತದೆ. ಗಸಿ ಬಿಡಿಸಲು ಕೆಲವರು ಬಳಸುವ ವಿನೆಗರ್ ನಿತ್ಯಕ್ಕೆ ಬೇಕಿಲ್ಲ. ಬಳಸುವುದಾದರೂ ಬ್ಲೀಚಿಂಗ್ ಪುಡಿಯೊಂದಿಗೆ ಎಂದೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ರೇಷ್ಮೆ ಸೀರೆಗೆ, ಉಣ್ಣೆಗೆ ಸೋಡಾ ಬೇಡವೇ ಬೇಡ. ಅವುಗಳಿಗೆ ಅಂಟುವಾಳದ ನೊರೆಯೇ ಲೇಸು.