ಪ್ರತಿ: ಬಿಗ್ ಫೈವ್ ಪ್ರಶ್ನಾವಳಿಯನ್ನು ಹಳ್ಳಿಯಲ್ಲಿ ಓದಿ ಹೇಳಿ ತುಂಬಿಸಿದೆ, ಐದು ಅಂಶ ಬರುತ್ತಿಲ್ಲ, ಏಕೆ?

ಬಿಗ್ ಫೈವ್ ಎಂದರೆ ವ್ಯಕ್ತಿತ್ವವನ್ನು ಐದು ದೊಡ್ಡ ಗುಣಗಳಲ್ಲಿ (ಅಂಶಗಳಲ್ಲಿ) ಅಳೆಯುವ ಮಾದರಿ. ಅವು ಬಾರದಿರಲು ಕಾರಣ ಬಹುಶಃ ಸಮ್ಮತಿಯ ಒಲವು. ಏನು ಕೇಳಿದರೂ "ಹೂಂ, ಹಂಗೇ ಬರ್ಕೊಳಪ್ಪ" ಅನ್ನುವವರೇ ಹೆಚ್ಚಿದ್ದರೆ ಉಲ್ಟಾ ಪ್ರಶ್ನೆಗಳು (ಆ ಗುಣ ಇಲ್ಲದವರು ಹೌದೆನ್ನಬೇಕಾದವು) ಕೆಡುತ್ತವೆ. ನೀವು ಬಳಸಿದ 44 ಪ್ರಶ್ನೆಗಳ ಬಿಗ್ ಫೈವ್ ಇನ್ವೆಂಟರಿ, ಅಂದರೆ ಬಿಎಫ್‌ಐನಲ್ಲಿ ಅಂಥವು 16.

ಮೊದಲು, ಉಲ್ಟಾ ಪ್ರಶ್ನೆಗಳ ಸ್ಕೋರ್ ತಿರುಗಿಸುವ (5 ಅನ್ನು 1 ಮಾಡುವ) ಮುನ್ನ, ಪರಸ್ಪರ ವಿರುದ್ಧ ಅರ್ಥದ ಜೋಡಿಗಳನ್ನು ಆರಿಸಿ. ಪ್ರತಿಯೊಬ್ಬರ ಜೋಡಿ ಸರಾಸರಿ ಮಧ್ಯಬಿಂದು 3ಕ್ಕಿಂತ ಎಷ್ಟು ಮೇಲಿದೆಯೋ ಅಷ್ಟನ್ನು ಅವರ ಎಲ್ಲ ಉತ್ತರಗಳಿಂದ ಕಳೆಯಿರಿ. ಆಮೇಲೆ ಅಂಶ ವಿಶ್ಲೇಷಣೆ (ಒಟ್ಟಿಗೆ ಏರಿಳಿಯುವ ಪ್ರಶ್ನೆಗಳನ್ನು ಗುಂಪು ಮಾಡುವ ಲೆಕ್ಕ) ಮಾಡಿ, ಮೂಲ ರಚನೆಯತ್ತ ಪ್ರೊಕ್ರಸ್ಟೀಸ್ ತಿರುವು ಕೊಟ್ಟು (ನಿಮ್ಮ ಅಂಶಗಳನ್ನು ಅದಕ್ಕೆ ಆದಷ್ಟು ಹೊಂದುವಂತೆ ತಿರುಗಿಸಿ), ಎರಡೂ ಎಷ್ಟು ಹೋಲುತ್ತವೆ ಎಂದು ಹೇಳುವ ಟಕರ್ ಸಾಮ್ಯಾಂಕ ನೋಡಿ. 0.85ಕ್ಕಿಂತ ಕೆಳಗಿದ್ದರೆ ಅದು ಅದೇ ಅಂಶ ಎನ್ನುವಂತಿಲ್ಲ.

ಅನುವಾದವನ್ನೂ ಅನುಮಾನಿಸಿ. ನನ್ನ ಕರಡಿನಲ್ಲಿ 'ಟಾಕೆಟಿವ್'ಗೆ 'ವಾಚಾಳಿ' ಅಂತ ಹಾಕಿದ್ದೆ. ಅದು ಬೈಗುಳ, ಯಾರು ಒಪ್ಪಿಕೊಳ್ಳುತ್ತಾರೆ? 'ರಿಸರ್ವ್ಡ್'ಗೆ (ಅಷ್ಟಾಗಿ ಬೆರೆಯದವರು) 'ಗಂಭೀರ' ಅಂದೆ, ಅದು ಹೊಗಳಿಕೆ, ಎಲ್ಲರೂ ಹೌದೆಂದರು. ಹತ್ತು ಜನರನ್ನು ಕೂರಿಸಿ, ಪ್ರತಿ ವಾಕ್ಯ ಓದಿ, "ಇದಕ್ಕೇನರ್ಥ, ಒಂದು ಉದಾಹರಣೆ ಕೊಡಿ" ಎಂದು ಕೇಳಿ. (ಇದನ್ನು ಮೊದಲೇ ಮಾಡಬೇಕಿತ್ತು, ಇರಲಿ.)

ಇಷ್ಟಾದರೂ ಐದು ಬರದಿದ್ದರೆ ಬಲವಂತ ಬೇಡ. ಬೊಲಿವಿಯಾದ ಚಿಮಾನೆ ಎಂಬ ಆದಿವಾಸಿ ಜನರಲ್ಲಿ 632 ವಯಸ್ಕರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಐದು ಸಿಗಲಿಲ್ಲ. ಹೊಂದಿ ಬಾಳುವ ಗುಣ, ದುಡಿಮೆಯ ಗುಣ ಎಂಬ ಎರಡೇ ಎದ್ದುಬಂದವು. ನಿಮ್ಮದೂ ಹಾಗೆಯೋ ಬರೀ ಅಳತೆಯ ದೋಷವೋ ಎಂದು ಡೇಟಾ ನೋಡದೆ ಹೇಳಲಾರೆ. ಅಲ್ಲಿಯವರೆಗೆ ಹಳ್ಳಿಯ ಸ್ಕೋರನ್ನು ನಗರದ ಸರಾಸರಿಯೊಂದಿಗೆ ಹೋಲಿಸುವ ನಿಮ್ಮ ಅಧ್ಯಾಯವನ್ನು ಪಕ್ಕಕ್ಕಿಡಿ.