ಆರು ಚದರಡಿ ನೆಲ ಸಾಕು

ಪ್ರಶ್ನೆ: ದಿನಗೂಲಿ ಮಾಡುವವರ ಹದಿನೈದು ಮಕ್ಕಳಿಗೆ ಬಿಡುವಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಲ್ಯಾಬ್ ಇಲ್ಲ, ಒಂದು ಮೈಕ್ರೋಸ್ಕೋಪೂ ಇಲ್ಲ. ಎರಡು ಸಲ ಹೊರಗೆ ಕರೆದುಕೊಂಡು ಹೋಗಿ ಗಿಡಗಳ ಹೆಸರು ಹೇಳಿದೆ. ಅವರು ಓಡಾಡಿಕೊಂಡು ಆಡಿದರು, ಅಷ್ಟೆ. ಹೊರಗಿನ ಪಾಠದಿಂದ ನಿಜವಾಗಿ ಏನಾದರೂ ಕಲಿಯುತ್ತಾರಾ ಮೇಡಂ?

ಉತ್ತರ: ಕಲಿಯುತ್ತಾರೆ. ಆದರೆ ನೀವು ಮಾತು ಕಡಿಮೆ ಮಾಡಬೇಕು. ಮೊದಲ ವರ್ಷ ನಾನೂ ಹೀಗೇ ಹೆಸರು ಹೇಳುತ್ತಾ ನಡೆದವಳು. ಮಕ್ಕಳಿಗೆ ಕೇಳುವುದಕ್ಕೆ ಏನೂ ಉಳಿಯಲಿಲ್ಲ.

ಈಗ ನಾನು ಮಾಡುವುದು ಇಷ್ಟೇ. ಮೂರಡಿ ಉದ್ದ, ಎರಡಡಿ ಅಗಲದ ನೆಲ. ಮೂಲೆಗೊಂದು ಗೂಟ, ಸುತ್ತ ಹುರಿ. ಒಳಗಿನ ಹುಲ್ಲು, ಕಳೆ ಎಲ್ಲ ಕಿತ್ತು, ಮಣ್ಣು ಕೆದಕಿ, ಸುಮ್ನೆ ಬಿಡಬೇಕು. ಏನನ್ನೂ ಬಿತ್ತಬಾರದು. ಮಣ್ಣಿನಲ್ಲಿ ಮೊದಲೇ ಬಿದ್ದಿರುವ ಬೀಜಗಳು ತೇವ ಸಿಕ್ಕರೆ ಮೊಳೆಯುತ್ತವೆ. ಹೊಸ ಮೊಳಕೆ ಕಂಡಾಗೆಲ್ಲ ಪಕ್ಕದಲ್ಲಿ ಒಂದು ಕಡ್ಡಿ ಚುಚ್ಚಿ, ದಿನಾಂಕ ಬರೆಯಲಿ. ಮೊಳಕೆ ಸತ್ತರೂ ಕಡ್ಡಿ ಕೀಳಬಾರದು. ಇದೊಂದನ್ನು ಗಟ್ಟಿಯಾಗಿ ಹಿಡಿಯಿರಿ. ಕಡ್ಡಿ ಇದೆ, ಮೊಳಕೆ ಇಲ್ಲ ಎಂದಾಗಲೇ ಮಕ್ಕಳಿಗೆ ಪ್ರಶ್ನೆ ಹುಟ್ಟುವುದು.

ಪ್ರಯೋಗ ನನ್ನದಲ್ಲ. 1857ರಲ್ಲಿ ಚಾರ್ಲ್ಸ್ ಡಾರ್ವಿನ್ ಇಷ್ಟೇ ಅಳತೆಯ ನೆಲ ಅಗೆದು ಎಣಿಸಿದ್ದರು. 357 ಕಳೆ ಮೊಳಕೆಗಳಲ್ಲಿ 295 ನಾಶವಾದವು. ಮುಖ್ಯವಾಗಿ ತಿಂದದ್ದು ಚಿಪ್ಪಿಲ್ಲದ ಬಸವನಹುಳು ಮತ್ತು ಕೀಟಗಳು. ಆ ಲೆಕ್ಕಕ್ಕೂ ಲ್ಯಾಬ್ ಬೇಕಾಗಿರಲಿಲ್ಲ.

ನನ್ನ ಗುಂಪಿನಲ್ಲಿ ಒಬ್ಬಳು ಪುಟ್ಟ ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡೇ ಬರುತ್ತಿದ್ದಳು. ಶಾಲೆ ಬಿಟ್ಟು ವರ್ಷವಾಗಿತ್ತು. ಒಂದು ಬೆಳಿಗ್ಗೆ ಅವನನ್ನು ಪಕ್ಕದಲ್ಲಿ ಕೂರಿಸಿ, ನೆಲಕ್ಕೆ ಮುಖ ತಾಗುವಷ್ಟು ಬಗ್ಗಿದಳು. “ಮೇಡಂ, ಇದು ಒಣಗಿಲ್ಲ. ಯಾರೋ ಕಚ್ಚಿದ್ದಾರೆ.” ದಾರದಷ್ಟು ತೆಳ್ಳಗಿನ ಕಾಂಡ ನಿಂತಿತ್ತು, ಎಲೆ ಇರಲಿಲ್ಲ. ಮಣ್ಣಿನ ಮೇಲೆ ಒಣಗಿದ ಅಂಟಿನಂಥ ಹೊಳೆಯುವ ಗೆರೆ. ಆ ಗೆರೆ ಹಿಡಿದು ಹೋದಳು, ಒಂದು ಕಲ್ಲಿನವರೆಗೆ. ಕಲ್ಲು ಎತ್ತಿದರೆ ಹುಳು ಮುದುಡಿ ಕೂತಿತ್ತು. ಹೇಳಿಬಿಡಬೇಕು ಅನ್ನಿಸಿತು, ತಡೆದುಕೊಂಡೆ. ಮಾರನೆಯ ದಿನ ಅವಳೇ ಕೇಳಿದಳು, “ರಾತ್ರಿ ಬರುತ್ತೆ ಅಲ್ವಾ? ಬಿಸಿಲಲ್ಲಿ ಮೈ ಒಣಗುತ್ತಲ್ಲ.”

ಹದಿನೈದು ಮಕ್ಕಳಿಗೆ ಐದು ತುಂಡು ನೆಲ ಮಾಡಿ. ಜಾಸ್ತಿ ಜನ ಸೇರಿದರೆ ಬಾಯಿ ಜೋರಿರುವವರೇ ಎಣಿಸುತ್ತಾರೆ, ಉಳಿದವರು ನೋಡುತ್ತಾರೆ. ಪುಸ್ತಕ ಮಾತ್ರ ಒಬ್ಬೊಬ್ಬರಿಗೂ ಬೇರೆಯೇ ಇರಲಿ. ಬರೆಯಲು ಬಾರದವರು ಚಿತ್ರ ಬಿಡಿಸಲಿ. “ಮುಟ್ಟಬೇಡ, ಒಡೆದೀಯ” ಅಂತ ಕೇಳಿಯೇ ಬೆಳೆದ ಮಕ್ಕಳಿಗೆ ತಮ್ಮದೇ ಲೆಕ್ಕ ಇರುವ ಪುಸ್ತಕ ದೊಡ್ಡ ಆಸ್ತಿ. ಕೆಲವರಿಗೆ ಚಪ್ಪಲಿ ಇರುವುದಿಲ್ಲ. ಹಿಂದಿನ ದಿನವೇ ಹೋಗಿ ಗಾಜಿನ ಚೂರು ಇದೆಯಾ ನೋಡಿ. ಹುಳುವನ್ನು ಬರಿಗೈಯಲ್ಲಿ ಮುಟ್ಟುವುದು ಬೇಡ, ಎಲೆಯಲ್ಲಿ ಎತ್ತಲಿ. ಕೊನೆಗೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಲಿ.

ಮೊದಲ ಕೆಲವು ದಿನ ಬರೀ ಮಣ್ಣೇ ಕಾಣಬಹುದು. ನೀರು ಚಿಮುಕಿಸುತ್ತಾ ಇರಿ. ಲೆಕ್ಕ ಬಂದ ಮೇಲೆ ಮಕ್ಕಳ ಕೈಯಲ್ಲೇ ನನಗೆ ಬರೆಸಿ. ಎಷ್ಟು ಹುಟ್ಟಿದವು, ಎಷ್ಟು ಉಳಿದವು, ಎರಡೂ ಬೇಕು.